ಚಿಪ್ ಒಳಗಿನ ಕೆಪಾಸಿಟರ್‌ನಲ್ಲಿ ಅಡಗಿರೋ ಇಂಡಕ್ಟೆನ್ಸ್: ಹಿಡಿಯೋದು ಹೇಗೆ, ಕಮ್ಮಿ ಮಾಡೋದು ಹೇಗೆ

"ಸ್ಕೀಮ್ಯಾಟಿಕ್‌ನಲ್ಲಿ 10 ಪಿಕೋಫ್ಯಾರಡ್ ಹಾಕಿದ್ದೆ, ಲೇಔಟ್ ಆದ್ಮೇಲೆ ಎಕ್ಸ್‌ಟ್ರ್ಯಾಕ್ಷನ್ ಮಾಡಿ ನೋಡಿದಾಗ್ಲೂ ಸರಿಯಾಗೇ ಇತ್ತು, ಚಿಪ್ ಕೈಗೆ ಬಂದ್ಮೇಲೆ ನೋಡಿದ್ರೆ ಸರ್ಕ್ಯೂಟ್‌ನ ಫ್ರೀಕ್ವೆನ್ಸಿ ಕೆಳಗೆ ಜಾರಿದೆ, ಯಾಕೆ?" ಬೆಂಗಳೂರಲ್ಲಿ ವಿಎಲ್‌ಎಸ್‌ಐ ಎಂಟೆಕ್ ಮಾಡ್ತಿರೋ ಹುಡುಗ್ರು, ಹೊಸದಾಗಿ ಆರ್‌ಎಫ್ ಲೇಔಟ್‌ಗೆ ಸೇರಿದವರು, ಎಲ್ಲರೂ ಸುತ್ತಿ ಬಳಸಿ ಕೇಳೋದು ಇದೇ ಪ್ರಶ್ನೆ. (ಲೇಔಟ್ ಅಂದ್ರೆ ಚಿಪ್ ಮೇಲಿನ ಲೋಹದ ನಕ್ಷೆ, ಎಕ್ಸ್‌ಟ್ರ್ಯಾಕ್ಷನ್ ಅಂದ್ರೆ ಆ ನಕ್ಷೆಯಲ್ಲಿ ತಾನಾಗೇ ಸೇರ್ಕೊಂಡಿರೋ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್‌ನ ಟೂಲ್ ಲೆಕ್ಕ ಹಾಕಿ ಕೊಡೋದು.) ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಡೋ ಬದ್ಲು ಮೊದಲಿಂದ ಕೊನೆವರೆಗೂ ಒಂದೇ ಕಡೆ ಬರೀತಿದೀನಿ. ಪೆನ್ನು ಪೇಪರ್ ಪಕ್ಕದಲ್ಲಿ ಇಟ್ಕೊಂಡು ಓದಿ, ಯಾಕಂದ್ರೆ ಮಧ್ಯದಲ್ಲಿ ಲೆಕ್ಕ ಇದೆ, ಅದನ್ನ ನೀವೇ ಒಂದು ಸಲ ಹಾಕಿದ್ರೇನೇ ವಿಷಯ ತಲೆಗೆ ಹತ್ತೋದು.

ಮೊದಲು ಪ್ಯಾರಾಸಿಟಿಕ್ ಇಂಡಕ್ಟೆನ್ಸ್ ಅಂದ್ರೆ ಏನು ಅಂತ ನೋಡೋಣ. ಕರೆಂಟ್ ಹರಿಯೋ ಯಾವ ಲೋಹದ ದಾರಿಗಾದ್ರೂ ಸುತ್ತ ಒಂದು ಮ್ಯಾಗ್ನೆಟಿಕ್ ಫೀಲ್ಡ್ ಇರತ್ತೆ, ಕರೆಂಟ್ ಬೇಗ ಬೇಗ ಬದಲಾದಾಗ ಆ ಫೀಲ್ಡ್ ಅಡ್ಡ ಬರತ್ತೆ. ನೀವು ಇಂಡಕ್ಟರ್ ಅಂತ ಬರೀದೇ ಇದ್ರೂ ಅಲ್ಲಿ ಒಂದು ಇಂಡಕ್ಟರ್ ಇದೆ ಅಂತಾನೇ ಅರ್ಥ. ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ ಕೂತಿರೋ ಈ ಇಂಡಕ್ಟೆನ್ಸ್‌ಗೆ ಇಎಸ್‌ಎಲ್ ಅಂತಾರೆ. ಈ ಇಂಡಕ್ಟೆನ್ಸ್ (ಎಲ್) ಮತ್ತೆ ನಿಮ್ಮ ಕೆಪಾಸಿಟೆನ್ಸ್ (ಸಿ) ಸೇರಿ ಒಂದು ಫ್ರೀಕ್ವೆನ್ಸೀಲಿ ರೆಸೊನೇಟ್ ಆಗತ್ವೆ, ಅದು ಸೆಲ್ಫ್ ರೆಸೊನೆನ್ಸ್ ಫ್ರೀಕ್ವೆನ್ಸಿ, ಎಲ್ಲರೂ ಎಸ್‌ಆರ್‌ಎಫ್ ಅಂತಾರೆ. ಅದರ ಕೆಳಗೆ ಅದು ಕೆಪಾಸಿಟರ್, ಅದರ ಮೇಲೆ ಅದು ಇಂಡಕ್ಟರ್, ನೀವು ಏನೇ ಹೆಸರಿಟ್ಟಿದ್ರೂ ಸರಿ.

ಈ ಲೇಖನದಲ್ಲಿ ನಾನು ಒತ್ತಿ ಹೇಳೋಕೆ ಬಂದಿರೋದು ಒಂದೇ ವಿಷಯ. ಇಂಡಕ್ಟೆನ್ಸ್ ಕೆಪಾಸಿಟರ್‌ದು ಅಲ್ಲ, ಕರೆಂಟ್ ಸುತ್ತು ಹಾಕೋ ಪೂರ್ತಿ ದಾರೀದು. ಕೆಪಾಸಿಟರ್‌ಗೆ ಹೋಗೋ ವೈರ್, ಪ್ಲೇಟು, ಆಮೇಲೆ ಗ್ರೌಂಡ್ ಮೂಲಕ ವಾಪಸ್ ಬರೋ ದಾರಿ, ಇಷ್ಟೂ ಸೇರಿ ಒಂದು ಲೂಪ್. ಔಟರ್ ರಿಂಗ್ ರೋಡಲ್ಲಿ ಎದುರುಗಡೆ ಅಂಗಡಿ ಕಣ್ಣಿಗೆ ಕಾಣ್ತಾ ಇರತ್ತೆ, ಆದ್ರೆ ಯೂ-ಟರ್ನ್ ಒಂದು ಕಿಲೋಮೀಟರ್ ಮುಂದೆ ಇದ್ರೆ ನಿಮ್ಮ ಗಾಡಿ ಓಡೋ ದೂರ ಅಷ್ಟೂ ಆಗತ್ತಲ್ವಾ, ಕರೆಂಟ್‌ಗೂ ಹಾಗೇ, ವಾಪಸ್ ಬರೋ ದಾರಿ ದೂರ ಇದ್ರೆ ಲೂಪ್ ದೊಡ್ಡದು, ಲೂಪ್ ದೊಡ್ಡದಾದ್ರೆ ಎಲ್ ಜಾಸ್ತಿ. ಈ ವಾಪಸ್ ದಾರೀನೇ ರಿಟರ್ನ್ ಪಾತ್. ಹೊಸಬರು ಎಡವೋದು ಸಾಮಾನ್ಯವಾಗಿ ಇಲ್ಲೇ, ಕೆಪಾಸಿಟರ್ ಸೆಲ್ ಚೆನ್ನಾಗಿ ಬರೀತಾರೆ, ರಿಟರ್ನ್ ಎಲ್ಲಿಂದ ಅಂತ ಯೋಚನೇನೇ ಮಾಡಿರಲ್ಲ.

ಏನೇನು ಬೇಕು

ನಿಮ್ಮ ಪ್ರೋಸೆಸ್‌ನ ಪಿಡಿಕೆ ಡಾಕ್ಯುಮೆಂಟ್ ಬೇಕು. ಪಿಡಿಕೆ ಅಂದ್ರೆ ಫೌಂಡ್ರಿ (ಚಿಪ್ ತಯಾರಿಸೋ ಕಂಪನಿ) ಕೊಡೋ ಡಿಸೈನ್ ಕಿಟ್, ಅದರಲ್ಲಿ ಲೋಹದ ಪದರಗಳ ದಪ್ಪ, ಪದರಗಳ ನಡುವಿನ ಅಂತರ, ಕೆಪಾಸಿಟರ್ ಡೆನ್ಸಿಟಿ ಎಲ್ಲ ಇರತ್ತೆ. ಕಂಪನೀಲಿ ಇರೋರಿಗೆ ಪೇಯ್ಡ್ ಇಎಂ ಟೂಲ್ ಇರತ್ತೆ. ಇಎಂ ಟೂಲ್ ಅಂದ್ರೆ ಎಲೆಕ್ಟ್ರೋಮ್ಯಾಗ್ನೆಟಿಕ್ ಸಿಮ್ಯುಲೇಟರ್. ಕಾಲೇಜಲ್ಲಿ ಲೈಸೆನ್ಸ್ ಇಲ್ಲ ಅನ್ನೋರು ಕೈಕಟ್ಟಿ ಕೂರೋ ಅಗತ್ಯ ಇಲ್ಲ, 2020ರಲ್ಲಿ ಗೂಗಲ್ ಮತ್ತೆ ಸ್ಕೈವಾಟರ್ ಸೇರಿ ಬಿಟ್ಟ 130 ನ್ಯಾನೋಮೀಟರ್ ಓಪನ್ ಪಿಡಿಕೆ ಇದೆ, ಲೇಔಟ್‌ಗೆ ಕೆ-ಲೇಔಟ್, ಸರ್ಕ್ಯೂಟ್ ಸಿಮ್ಯುಲೇಶನ್‌ಗೆ ಎನ್‌ಜಿ-ಸ್ಪೈಸ್, ಇಂಡಕ್ಟೆನ್ಸ್ ತೆಗೆಯೋಕೆ ಎಂಐಟಿಯಿಂದ ಬಂದ ಫಾಸ್ಟ್‌ಹೆನ್ರಿ, ಪೂರ್ತಿ ಫೀಲ್ಡ್ ಸಿಮ್ಯುಲೇಶನ್‌ಗೆ ಓಪನ್-ಇಎಂಎಸ್, ಎಲ್ಲಾನೂ ಫ್ರೀ. ಕೆಳಗಿನ ಲೆಕ್ಕಗಳನ್ನ ಸ್ಕೈವಾಟರ್ ನಂಬರ್ ಇಟ್ಕೊಂಡೇ ಹಾಕಿದೀನಿ.

ಹಂತ 1: ಯಾವ ಜಾತಿ ಕೆಪಾಸಿಟರ್, ಯಾವ ಕೆಲಸಕ್ಕೆ

ಚಿಪ್ ಮೇಲೆ ಮುಖ್ಯವಾಗಿ ಮೂರು ಜಾತಿ. ಮಿಮ್ ಅಂದ್ರೆ ಎರಡು ಲೋಹದ ಪ್ಲೇಟ್ ಮಧ್ಯೆ ತೆಳು ಇನ್ಸುಲೇಟರ್. ಮಾಮ್ ಅಂದ್ರೆ ಮಾಮೂಲಿ ಮೆಟಲ್ ಪದರದಲ್ಲೇ ಬಾಚಣಿಗೆ ಹಲ್ಲಿನ ಥರ ಬೆರಳು ಬೆರಳಾಗಿ ಬರೆದಿರೋದು. ಮಾಸ್-ಕ್ಯಾಪ್ ಅಂದ್ರೆ ಟ್ರಾನ್ಸಿಸ್ಟರ್‌ನ ಗೇಟನ್ನೇ ಕೆಪಾಸಿಟರ್ ಮಾಡ್ಕೊಳ್ಳೋದು, ಇದನ್ನ ಸಪ್ಲೈ ಡೀಕಪ್ಲಿಂಗ್‌ಗೆ, ಅಂದ್ರೆ ಸಪ್ಲೈ ವೋಲ್ಟೇಜ್ ಅಲ್ಲಾಡದ ಹಾಗೆ ಪಕ್ಕದಲ್ಲೇ ಚಾರ್ಜ್ ಇಟ್ಕೊಳ್ಳೋಕೆ, ಜಾಸ್ತಿ ಬಳಸ್ತಾರೆ.

ಕೆಲಸಾನೂ ಗುರುತು ಹಾಕ್ಕೊಳ್ಳಿ. ಎಲ್‌ಸಿ ಟ್ಯಾಂಕ್ (ಒಂದು ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿರೋ ಎಲ್-ಸಿ ಜೋಡಿ), ಮ್ಯಾಚಿಂಗ್ ನೆಟ್‌ವರ್ಕ್ (ಸಿಗ್ನಲ್ ಚೆನ್ನಾಗಿ ದಾಟೋ ಹಾಗೆ ಎರಡು ಬ್ಲಾಕ್ ಹೊಂದಿಸೋದು) ಆದ್ರೆ ಸಿ ಬೆಲೆ ಕರೆಕ್ಟಾಗಿ ಇರ್ಬೇಕು, ಎಲ್ ಸ್ವಲ್ಪ ಬಂದ್ರೂ ಟ್ಯೂನಿಂಗ್ ಹೋಗತ್ತೆ. ಸಪ್ಲೈ ಡೀಕಪ್ಲಿಂಗ್ ಆದ್ರೆ ಸಿ ಬೆಲೆ ಹತ್ತು ಪರ್ಸೆಂಟ್ ಆಚೆ ಈಚೆ ಆದ್ರೂ ಪರವಾಗಿಲ್ಲ, ಆದ್ರೆ ರೆಸೊನೆನ್ಸ್ ಎಲ್ಲಿ ಬೀಳತ್ತೆ ಅನ್ನೋದು ಮುಖ್ಯ. ಡಿಸಿ ತಡೆಯೋಕೆ ಹಾಕಿರೋ ಸೀರೀಸ್ ಕೆಪಾಸಿಟರ್ ಆದ್ರೆ ಬಹಳ ಸಲ ಅಷ್ಟು ತಲೆ ಕೆಡಿಸ್ಕೋಬೇಕಾಗಿಲ್ಲ, ಎಸ್‌ಆರ್‌ಎಫ್ ಹತ್ರ ಅದರ ಇಂಪೀಡೆನ್ಸ್ (ಎಸಿ ಕರೆಂಟ್‌ಗೆ ಒಡ್ಡೋ ಅಡ್ಡಿ) ಕಮ್ಮೀನೇ ಇರತ್ತೆ.

ಹಂತ 2: ಲೂಪ್ ಬರೀರಿ

ಲೇಔಟ್ ಪ್ರಿಂಟ್ ತಗೊಳ್ಳಿ, ಇಲ್ಲಾ ಸ್ಕ್ರೀನ್‌ಶಾಟ್ ಮೇಲೇ ಬರೀರಿ. ಕರೆಂಟ್ ಹೊರಡೋ ಟ್ರಾನ್ಸಿಸ್ಟರ್‌ನ ಪಿನ್‌ನಿಂದ ಶುರು ಮಾಡಿ ವೈರ್, ಮೇಲಿನ ಪ್ಲೇಟ್, ಕೆಳಗಿನ ಪ್ಲೇಟ್, ಗ್ರೌಂಡ್ ಮೆಟಲ್, ಮತ್ತೆ ಅದೇ ಟ್ರಾನ್ಸಿಸ್ಟರ್‌ನ ಇನ್ನೊಂದು ಪಿನ್‌ವರೆಗೆ ಕೆಂಪು ಗೆರೆ ಎಳೀರಿ. ಗೆರೆ ಎಲ್ಲಾದ್ರೂ ತುಂಡಾದ್ರೆ, "ಇಲ್ಲಿಂದ ಗ್ರೌಂಡ್ ಹೆಂಗೋ ಸೇರತ್ತೆ" ಅಂತ ನೀವು ಅಂದ್ಕೊಂಡ್ರೆ, ಪ್ರಾಬ್ಲಮ್ ಅಲ್ಲೇ ಇದೆ ಅಂತ ತಿಳ್ಕೊಳ್ಳಿ. ಸಿಮ್ಯುಲೇಟರ್‌ನಲ್ಲಿ ಗ್ರೌಂಡ್ ಅಂದ್ರೆ ಎಲ್ಲಾ ಕಡೆ ಸೊನ್ನೆ ವೋಲ್ಟ್ ಇರೋ ಒಂದೇ ಬಿಂದು, ಸಿಲಿಕಾನ್ ಮೇಲೆ ಅಂಥ ಬಿಂದು ಇಲ್ಲ, ಅಲ್ಲಿರೋದು ಉದ್ದ ಅಗಲ ಇರೋ ಲೋಹ.

ಹಂತ 3: ಕೈಲೆಕ್ಕ

ಟೂಲ್ ಓಪನ್ ಮಾಡೋ ಮುಂಚೆ ಕೈಯಲ್ಲಿ ಒಂದು ಅಂದಾಜು ಮಾಡ್ಕೊಳ್ಳಿ, ಆಮೇಲೆ ಟೂಲ್ ತಪ್ಪು ನಂಬರ್ ಕೊಟ್ರೆ ನಿಮಗೆ ಗೊತ್ತಾಗತ್ತೆ.

ಸ್ಕೈವಾಟರ್‌ನ ಮಿಮ್ ಡೆನ್ಸಿಟಿ ಒಂದು ಚದರ ಮೈಕ್ರಾನ್‌ಗೆ ಸುಮಾರು 2 ಫೆಮ್ಟೋಫ್ಯಾರಡ್. 10 ಪಿಕೋಫ್ಯಾರಡ್ (ಇನ್ಮೇಲೆ ಪಿಎಫ್ ಅಂತೀನಿ) ಬೇಕಂದ್ರೆ 5000 ಚದರ ಮೈಕ್ರಾನ್, ಅಂದ್ರೆ ಹತ್ತಿರ ಹತ್ತಿರ 71 ಮೈಕ್ರಾನ್ ಉದ್ದ, 71 ಮೈಕ್ರಾನ್ ಅಗಲದ ಚೌಕ. ಇದಕ್ಕೆ 100 ಮೈಕ್ರಾನ್ ಉದ್ದದ, 9 ಮೈಕ್ರಾನ್ ಅಗಲದ, 1 ಮೈಕ್ರಾನ್ ದಪ್ಪದ ವೈರ್ ಕೊಟ್ಟಿದೀರ ಅಂತ ಇಟ್ಕೊಳ್ಳಿ. ನೇರ ವೈರ್‌ನ ಇಂಡಕ್ಟೆನ್ಸ್‌ಗೆ ಒಂದು ಹಳೇ ಸೂತ್ರ ಇದೆ:

ಎಲ್ (ನ್ಯಾನೋಹೆನ್ರಿ) = 0.2 × ಉದ್ದ (ಮಿಲಿಮೀಟರ್) × [ ಲಾಗ್ ( 2 × ಉದ್ದ ÷ (ಅಗಲ + ದಪ್ಪ) ) + 0.5 ]

ಇಲ್ಲಿ ಲಾಗ್ ಅಂದ್ರೆ ನ್ಯಾಚುರಲ್ ಲಾಗ್, ಕ್ಯಾಲ್ಕುಲೇಟರ್‌ನಲ್ಲಿ ಹತ್ತರ ಲಾಗ್ ಒತ್ತಿಬಿಡ್ಬೇಡಿ. 0.2 × 0.1 × [ಲಾಗ್(20) + 0.5] ಅಂದ್ರೆ 0.07 ನ್ಯಾನೋಹೆನ್ರಿ, 70 ಪಿಕೋಹೆನ್ರಿ. ಈಗ ಅದೇ ವೈರನ್ನ 2 ಮೈಕ್ರಾನ್‌ಗೆ ಸಣ್ಣ ಮಾಡಿ ನೋಡಿ, 94 ಪಿಕೋಹೆನ್ರಿ ಬರತ್ತೆ. ಗಮನಿಸಿದ್ರಾ, ಅಗಲ ನಾಲ್ಕೂವರೆ ಪಟ್ಟು ಕಮ್ಮಿ ಆದ್ರೂ ಎಲ್ ಏರಿದ್ದು ಮೂರನೇ ಒಂದು ಭಾಗ ಮಾತ್ರ. ಅಗಲ ಲಾಗ್ ಒಳಗೆ ಕೂತಿದೆ, ಉದ್ದ ಹೊರಗೆ ಕೂತಿದೆ. ಅದಕ್ಕೇ ಬರೀ ವೈರ್ ಅಗಲ ಮಾಡಿ "ಇಂಡಕ್ಟೆನ್ಸ್ ಸರಿಮಾಡಿದೆ" ಅನ್ನೋರ ಮಾತು ಅರ್ಧ ಮಾತ್ರ ಸರಿ, ರೆಸಿಸ್ಟೆನ್ಸ್ ಚೆನ್ನಾಗಿ ಇಳಿಯತ್ತೆ, ಇಂಡಕ್ಟೆನ್ಸ್ ಅಷ್ಟಾಗಿ ಇಳಿಯಲ್ಲ.

ಆದ್ರೆ ಇಲ್ಲಿಗೆ ಲೆಕ್ಕ ಮುಗೀಲಿಲ್ಲ, 70 ಬಂದಿದ್ದು ಹೋಗೋ ವೈರ್‌ಗೆ ಮಾತ್ರ. ವಾಪಸ್ ಬರೋ ವೈರೂ ಅದೇ ಅಳತೇದು ಅಂದ್ರೆ ಅದಕ್ಕೂ 70. ಎರಡರಲ್ಲೂ ಕರೆಂಟ್ ಎದುರು ಬದುರು ಹರಿಯೋದ್ರಿಂದ ಒಂದರ ಫೀಲ್ಡನ್ನ ಇನ್ನೊಂದು ಸ್ವಲ್ಪ ಕೊಲ್ಲತ್ತೆ, ಎಷ್ಟು ಕೊಲ್ಲತ್ತೆ ಅನ್ನೋದು ಮ್ಯೂಚುಯಲ್ ಇಂಡಕ್ಟೆನ್ಸ್, ಅದನ್ನ ಎಮ್ ಅನ್ನೋಣ. ಪೂರ್ತಿ ಲೂಪ್‌ನ ಎಲ್ = 2 × (70 − ಎಮ್).

ವಾಪಸ್ ವೈರ್ ನಡುವಿಂದ ನಡುವಿಗೆ 15 ಮೈಕ್ರಾನ್ ದೂರದಲ್ಲಿ ಇದ್ರೆ ಎಮ್ ಸುಮಾರು 35, ಲೂಪ್ 70 ಪಿಕೋಹೆನ್ರಿ. ಅದೇ ವೈರ್ 100 ಮೈಕ್ರಾನ್ ದೂರದಲ್ಲಿ ಇದ್ರೆ ಎಮ್ ಬರೀ 9, ಲೂಪ್ 120 ದಾಟತ್ತೆ, ಜೊತೆಗೆ ಎರಡನ್ನೂ ಸೇರಿಸೋ ಅಡ್ಡ ತುಂಡುಗಳದ್ದು ಬೇರೆ.

ಈಗ ರೆಸೊನೆನ್ಸ್. ಎಫ್ = 1 ÷ (2 × ಪೈ × ವರ್ಗಮೂಲ(ಎಲ್ × ಸಿ)). 10 ಪಿಎಫ್ ಜೊತೆ 70 ಪಿಕೋಹೆನ್ರಿ ಇದ್ರೆ 6.0 ಗಿಗಾಹರ್ಟ್ಸ್, 120 ಇದ್ರೆ 4.6 ಗಿಗಾಹರ್ಟ್ಸ್. ಕೆಪಾಸಿಟರ್ ಅದೇ, ವೈರ್ ಅದೇ, ವಾಪಸ್ ದಾರಿಯ ಜಾಗ ಮಾತ್ರ ಬೇರೆ. 5 ಗಿಗಾಹರ್ಟ್ಸ್ ವೈಫೈ ಬ್ಯಾಂಡ್‌ಗೆ ಸರ್ಕ್ಯೂಟ್ ಮಾಡ್ತಿದ್ರೆ ಎರಡನೇ ಲೇಔಟ್‌ನಲ್ಲಿ ನಿಮ್ಮ ಹತ್ರ ಇರೋದು ಕೆಪಾಸಿಟರೇ ಅಲ್ಲ.

ಹಂತ 4: ಇದಕ್ಕೆ ತಲೆ ಕೆಡಿಸ್ಕೋಬೇಕಾ ಬೇಡ್ವಾ

ಎಸ್‌ಆರ್‌ಎಫ್ ಕೆಳಗೆ ಇದ್ರೂ ನೆಮ್ಮದಿ ಇಲ್ಲ, ಅಲ್ಲಿಗೆ ಹೋಗ್ತಾ ಹೋಗ್ತಾ ಕೆಪಾಸಿಟರ್ ಇರೋದಕ್ಕಿಂತ ದೊಡ್ಡದಾಗಿ ಕಾಣ್ತಾ ಹೋಗತ್ತೆ. ಸರ್ಕ್ಯೂಟ್‌ಗೆ ಕಾಣೋ ಸಿ = ನಿಜವಾದ ಸಿ ÷ (1 − (ಎಫ್ ÷ ಎಸ್‌ಆರ್‌ಎಫ್)ರ ವರ್ಗ). ಲೇಖನದ ಮೊದಲಲ್ಲಿ ಹೇಳಿದ ಫ್ರೀಕ್ವೆನ್ಸಿ ಜಾರೋ ಸಮಸ್ಯೆ ಹುಟ್ಟೋದೇ ಇಲ್ಲಿ. ನಿಮ್ಮ 10 ಪಿಎಫ್, 2.4 ಗಿಗಾಹರ್ಟ್ಸ್‌ನಲ್ಲಿ, ಮೊದಲನೇ ಲೇಔಟ್‌ನಲ್ಲಿ 11.9 ಪಿಎಫ್ ಥರ ಕಾಣತ್ತೆ, ಎರಡನೇದ್ರಲ್ಲಿ ಹತ್ತಿರ ಹತ್ತಿರ 13.8.

ನೆನಪಲ್ಲಿ ಇಟ್ಕೊಳ್ಳೋಕೆ: ಕೆಲಸ ಮಾಡೋ ಫ್ರೀಕ್ವೆನ್ಸಿ ಎಸ್‌ಆರ್‌ಎಫ್‌ನ ಹತ್ತನೇ ಒಂದು ಭಾಗ ಆದ್ರೆ ತಪ್ಪು ಒಂದು ಪರ್ಸೆಂಟ್, ಮರೆತುಬಿಡಿ. ಮೂರನೇ ಒಂದು ಭಾಗ ಆದ್ರೆ ಹನ್ನೆರಡು ಹದಿಮೂರು ಪರ್ಸೆಂಟ್, ಟ್ಯಾಂಕ್ ಆದ್ರೆ ನೋಡ್ಲೇಬೇಕು. ಅರ್ಧ ಆದ್ರೆ ಮೂವತ್ಮೂರು ಪರ್ಸೆಂಟ್, ಲೇಔಟ್ ಬದಲಾಯಿಸಿ.

ಇದೇ ಲೆಕ್ಕದಲ್ಲಿ 1 ಪಿಎಫ್‌ಗೆ 50 ಪಿಕೋಹೆನ್ರಿ ಇದ್ರೆ ಎಸ್‌ಆರ್‌ಎಫ್ 22 ಗಿಗಾಹರ್ಟ್ಸ್ ದಾಟತ್ತೆ, 2.4ಕ್ಕೆ ಆರಾಮಾಗಿ ಬಿಡ್ಬೋದು. ಅಂದ್ರೆ ದೊಡ್ಡ ಕೆಪಾಸಿಟರ್‌ಗಳನ್ನ ಮೊದಲು ನೋಡಿ, ಸಣ್ಣವು ಕಾಯಬಹುದು.

ಹಂತ 5: ಸಿಮ್ಯುಲೇಶನ್‌ಗೆ ಎಲ್ ಸೇರಿಸೋದು

ಮಾಮೂಲಿ ಪೋಸ್ಟ್-ಲೇಔಟ್ ಎಕ್ಸ್‌ಟ್ರ್ಯಾಕ್ಷನ್ ಅಂದ್ರೆ ಆರ್‌ಸಿ ಎಕ್ಸ್‌ಟ್ರ್ಯಾಕ್ಷನ್, ಹೆಸರಲ್ಲೇ ಇದೆ, ರೆಸಿಸ್ಟೆನ್ಸ್ ಮತ್ತೆ ಕೆಪಾಸಿಟೆನ್ಸ್ ಮಾತ್ರ. ಇಂಡಕ್ಟೆನ್ಸ್ ಬೇಕು ಅಂತ ಬೇರೆಯಾಗಿ ಕೇಳಿದ್ರೆ, ಆ ಆಪ್ಷನ್ ಇರೋ ಟೂಲ್ ಆದ್ರೆ ಮಾತ್ರ ಕೊಡತ್ತೆ. "ಎಕ್ಸ್‌ಟ್ರ್ಯಾಕ್ಷನ್‌ನಲ್ಲಿ ಸರಿ ಇತ್ತು" ಅನ್ನೋ ಮಾತಿಗೆ ಇಂಡಕ್ಟೆನ್ಸ್ ವಿಷಯದಲ್ಲಿ ಬೆಲೆ ಇಲ್ಲ, ಯಾಕಂದ್ರೆ ಟೂಲ್ ಅದನ್ನ ನೋಡೇ ಇಲ್ಲ.

ಸುಲಭದ ದಾರಿ ಫಾಸ್ಟ್‌ಹೆನ್ರಿ. ಲೂಪ್‌ನಲ್ಲಿರೋ ಪ್ರತಿ ವೈರ್ ತುಂಡನ್ನ ಉದ್ದ, ಅಗಲ, ದಪ್ಪ, ಎತ್ತರ ಕೊಟ್ಟು ಬರೀಬೇಕು, ಕೆಪಾಸಿಟರ್ ಇರೋ ಜಾಗದಲ್ಲಿ ಎರಡೂ ಪ್ಲೇಟನ್ನ ಶಾರ್ಟ್ ಮಾಡ್ಬೇಕು, ಇನ್ನೊಂದು ತುದೀಲಿ ಪೋರ್ಟ್ ಇಡ್ಬೇಕು. ಪೋರ್ಟ್ ಅಂದ್ರೆ ಟೂಲ್ ಕರೆಂಟ್ ತಳ್ಳಿ ನೋಡೋ ಜೋಡಿ ಬಿಂದು. ಶಾರ್ಟ್ ಮಾಡೋದು ಯಾಕಂದ್ರೆ ಈ ಟೂಲ್‌ಗೆ ಇನ್ಸುಲೇಟರ್ ಗೊತ್ತೇ ಇಲ್ಲ, ಲೂಪ್ ಕ್ಲೋಸ್ ಆಗಿಲ್ಲಾಂದ್ರೆ ಕರೆಂಟ್‌ಗೆ ದಾರೀನೇ ಇರಲ್ಲ. ಗ್ರೌಂಡ್ ವೈರನ್ನ ಬರೀದೇ ಬಿಟ್ಟು ಬರೀ ಸಿಗ್ನಲ್ ವೈರ್ ಕೊಟ್ರೆ ಒಂದು ನಂಬರ್ ಬರತ್ತೆ, ನೋಡೋಕೆ ಸರಿಯಾಗೂ ಕಾಣತ್ತೆ, ಆದ್ರೆ ಅದು ಲೂಪ್‌ನ ಎಲ್ ಅಲ್ಲ. ಕೈಲೆಕ್ಕದ ನಂಬರ್ ಪಕ್ಕದಲ್ಲಿ ಇಟ್ಕೊಂಡು ನೋಡಿ, ಎರಡೂ ಒಂದೇ ಅಳತೆಗೆ ಬರ್ಬೇಕು, ಇಪ್ಪತ್ತು ಮೂವತ್ತು ಪರ್ಸೆಂಟ್ ವ್ಯತ್ಯಾಸ ಸಹಜ, ಹತ್ತು ಪಟ್ಟು ಬಂದ್ರೆ ಯೂನಿಟ್ ತಪ್ಪಿದೆ.

ಪೂರ್ತಿ ಇಎಂ ಸಿಮ್ಯುಲೇಶನ್ ಮಾಡ್ತೀನಿ ಅನ್ನೋರು ಓಪನ್-ಇಎಂಎಸ್‌ಗೆ ಹೋಗಿ, ಆದ್ರೆ ಒಂದು ಕಡೆ ಹುಷಾರು. ಮಿಮ್‌ನ ಇನ್ಸುಲೇಟರ್ ಭಾರಿ ತೆಳು, ಚದರ ಮೈಕ್ರಾನ್‌ಗೆ 2 ಫೆಮ್ಟೋಫ್ಯಾರಡ್ ಅಂದ್ರೆ, ಪರ್ಮಿಟಿವಿಟಿ 7 ಇರೋ ನೈಟ್ರೈಡ್ ಅಂತ ಹಿಡಿದ್ರೆ, ದಪ್ಪ ಸುಮಾರು 31 ನ್ಯಾನೋಮೀಟರ್. ಈ ಟೂಲ್ ಜಾಗವನ್ನೆಲ್ಲ ಸಣ್ಣ ಸಣ್ಣ ಡಬ್ಬಿಗಳಾಗಿ ಕತ್ತರಿಸಿ ಸಮಯದಲ್ಲಿ ಹೆಜ್ಜೆ ಹಾಕ್ತಾ ಹೋಗತ್ತೆ, ಹೆಜ್ಜೆ ಎಷ್ಟು ದೊಡ್ಡದು ಅನ್ನೋದನ್ನ ಅತೀ ಸಣ್ಣ ಡಬ್ಬಿ ತೀರ್ಮಾನ ಮಾಡತ್ತೆ. 31 ನ್ಯಾನೋಮೀಟರ್ ಪದರಾನ ಹಾಗೇ ಕೊಟ್ರೆ ಸಿಮ್ಯುಲೇಶನ್ ಮುಗಿಯೋದೇ ಇಲ್ಲ ಅನ್ನಿಸ್ಬಿಡತ್ತೆ. ಅದಕ್ಕೆ ಎಲ್ಲರೂ ಮಾಡೋದು, ಪದರದ ದಪ್ಪ ಹತ್ತು ಪಟ್ಟು ಮಾಡಿ 310 ನ್ಯಾನೋಮೀಟರ್ ಇಟ್ಟು, ಪರ್ಮಿಟಿವಿಟಿನೂ ಹತ್ತು ಪಟ್ಟು ಮಾಡಿ 70 ಕೊಡೋದು. ಸಿ ಬೆಲೆ ಅದೇ ಉಳಿಯತ್ತೆ, ಲೂಪ್‌ನ ಆಕಾರ ಹೆಚ್ಚೂ ಕಮ್ಮಿ ಅದೇ, ಸಿಮ್ಯುಲೇಶನ್ ಮಾತ್ರ ಎಷ್ಟೋ ಬೇಗ ಮುಗಿಯತ್ತೆ. ಪ್ಲೇಟ್ ಎತ್ತರ ಸ್ವಲ್ಪ ಬದಲಾಗಿರತ್ತೆ, ವಯಾ (ಒಂದು ಲೋಹದ ಪದರದಿಂದ ಇನ್ನೊಂದಕ್ಕೆ ಸೇರ್ಸೋ ಕಂಬ) ಉದ್ದ ಸರಿಮಾಡೋದು ಮರೀಬೇಡಿ.

ಬಂದ ಎಲ್‌ನ ಎನ್‌ಜಿ-ಸ್ಪೈಸ್‌ನಲ್ಲಿ ಕೆಪಾಸಿಟರ್ ಜೊತೆ ಸೀರೀಸ್ ಹಾಕಿ, ವೈರ್ ರೆಸಿಸ್ಟೆನ್ಸ್‌ಗೆ ಒಂದು ಆರ್‌ನೂ ಹಾಕಿ, 1 ಆಂಪಿಯರ್ ಎಸಿ ಕರೆಂಟ್ ಸೋರ್ಸ್ ಕೊಟ್ರೆ ಅಲ್ಲಿ ಬರೋ ವೋಲ್ಟೇಜೇ ಇಂಪೀಡೆನ್ಸ್. ಡಿಸಿ ದಾರಿ ಇಲ್ಲಾಂತ ಎರರ್ ಬರತ್ತೆ, ಅಡ್ಡಲಾಗಿ 1 ಗಿಗಾ ಓಮ್ ರೆಸಿಸ್ಟರ್ ಹಾಕಿದ್ರೆ ಸರಿಹೋಗತ್ತೆ.

ಇನ್ನೊಂದು ಎಡವಟ್ಟು ಇದೆ, ಇದು ಅನುಭವ ಇರೋರಿಗೂ ಆಗತ್ತೆ. ಕೆಲವು ಫೌಂಡ್ರಿಗಳ ಆರ್‌ಎಫ್ ಕೆಪಾಸಿಟರ್ ಮಾಡೆಲ್ ಒಳಗೇ ಎಲ್ ಸೇರ್ಸಿರ್ತಾರೆ. ನೀವು ಇಎಂನಿಂದ ತೆಗೆದ ಎಲ್‌ನಲ್ಲಿ ಪ್ಲೇಟೂ ಸೇರಿದ್ರೆ ಅದೇ ಇಂಡಕ್ಟೆನ್ಸ್ ಎರಡು ಸಲ ಲೆಕ್ಕಕ್ಕೆ ಬರತ್ತೆ. ಮಾಡೆಲ್ ಡಾಕ್ಯುಮೆಂಟ್‌ನಲ್ಲಿ ಮಾಡೆಲ್ ಯಾವ ಅಂಚಿನವರೆಗೆ ಅಂತ ಬರ್ದಿರತ್ತೆ, ಅದನ್ನ ಓದಿ, ನಿಮ್ಮ ಇಎಂ ಪೋರ್ಟ್ ಅದೇ ಅಂಚಲ್ಲಿ ಇಡಿ.

ಹಂತ 6: ಲೇಔಟ್ ಸರಿಮಾಡೋದು

ಯಾವುದರಿಂದ ಜಾಸ್ತಿ ಲಾಭ ಇದೆಯೋ ಆ ಕ್ರಮದಲ್ಲೇ ಹೇಳ್ತೀನಿ.

ಮೊದಲು ಉದ್ದ ಕಮ್ಮಿ ಮಾಡಿ. ಕೆಪಾಸಿಟರ್‌ನ ಟ್ರಾನ್ಸಿಸ್ಟರ್ ಪಕ್ಕಕ್ಕೆ ತನ್ನಿ, ಫ್ಲೋರ್‌ಪ್ಲಾನ್ (ಚಿಪ್ ಮೇಲೆ ಯಾವ ಬ್ಲಾಕ್ ಎಲ್ಲಿ ಅನ್ನೋ ನಕ್ಷೆ) ಆಗೋಗಿದೆ ಅಂತ ನೆಪ ಹೇಳೋ ಮುಂಚೆ ಒಂದು ಸಲ ಕೇಳಿ ನೋಡಿ, 100 ಮೈಕ್ರಾನ್ 40 ಆದ್ರೆ ಎಲ್ ಅರ್ಧಕ್ಕಿಂತ ಕೆಳಗೆ ಇಳಿಯತ್ತೆ.

ಆಮೇಲೆ ರಿಟರ್ನ್. ಹೋಗೋ ವೈರ್ ಪಕ್ಕದಲ್ಲೇ, ಸಾಧ್ಯ ಆದ್ರೆ ಎರಡೂ ಪಕ್ಕದಲ್ಲಿ ಗ್ರೌಂಡ್ ವೈರ್ ಕೊಡಿ. ಕೆಳಗಿನ ಮೆಟಲ್‌ನಲ್ಲಿ ಗ್ರೌಂಡ್ ಹಾಸಿದ್ರೆ ಇನ್ನೂ ಇಳಿಯತ್ತೆ, ಆದ್ರೆ ಅಲ್ಲಿ ಎರಡು ತೊಂದರೆ, ಕೆಳಗಿನ ಮೆಟಲ್‌ಗಳು ತೆಳು ಆದ್ದರಿಂದ ರೆಸಿಸ್ಟೆನ್ಸ್ ಜಾಸ್ತಿ, ಮತ್ತೆ ಸಿಗ್ನಲ್ ವೈರ್‌ಗೆ ಗ್ರೌಂಡ್ ಕೆಪಾಸಿಟೆನ್ಸ್ ಏರತ್ತೆ. ಟ್ಯಾಂಕ್ ಆದ್ರೆ ಯೋಚನೆ ಮಾಡಿ, ಡೀಕಪ್ಲಿಂಗ್ ಆದ್ರೆ ಕಣ್ಮುಚ್ಚಿ ಹಾಕಿ.

ಮೂರನೇದು ತುಂಬಾ ಜನಕ್ಕೆ ಹೊಳೆಯಲ್ಲ. ಗ್ರೌಂಡ್‌ಗೆ ಹೋಗೋ ಕೆಪಾಸಿಟರ್ ಆದ್ರೆ ಎರಡೂ ಟರ್ಮಿನಲ್ ಒಂದೇ ಕಡೆಯಿಂದ ಕೊಡಿ. ಮಾಮ್ ಕೆಪಾಸಿಟರ್ ತಗೊಳ್ಳಿ, ಒಂದು ಟರ್ಮಿನಲ್ ಎಡಕ್ಕೆ ಇನ್ನೊಂದು ಬಲಕ್ಕೆ ಇರೋ ಮಾಮೂಲಿ ಡಿಸೈನ್‌ನಲ್ಲಿ ಕರೆಂಟ್ ಎಡಗಡೆ ಬೆರಳಲ್ಲೂ ಬಲಕ್ಕೇ ಹರಿಯತ್ತೆ, ಪಕ್ಕದ ಬೆರಳಲ್ಲೂ ಬಲಕ್ಕೇ ಹರಿಯತ್ತೆ, ಫೀಲ್ಡ್ ಒಂದಕ್ಕೊಂದು ಕೂಡಿಕೊಳ್ಳತ್ತೆ. ಎರಡೂ ಒಂದೇ ಬದಿಯಿಂದ ಹೊರಟ್ರೆ ಅಕ್ಕಪಕ್ಕದ ಬೆರಳಲ್ಲಿ ಕರೆಂಟ್ ಎದುರು ಬದುರಾಗಿ ಫೀಲ್ಡ್ ಕಳೆದುಹೋಗತ್ತೆ. ಮಿಮ್‌ನ ಎರಡು ಪ್ಲೇಟ್‌ಗೂ ಇದೇ ಮಾತು. ಎರಡು ಬ್ಲಾಕ್ ಮಧ್ಯೆ ಸೀರೀಸ್ ಕೂತಿರೋ ಕೆಪಾಸಿಟರ್‌ಗೆ ಇದು ಅನ್ವಯಿಸಲ್ಲ, ಅಲ್ಲಿ ಕರೆಂಟ್ ಈ ಕಡೆಯಿಂದ ಆ ಕಡೆಗೆ ಹೇಗಿದ್ರೂ ಹೋಗ್ಲೇಬೇಕು.

ನಾಲ್ಕನೇದು, ಉದ್ದುದ್ದ ಪಟ್ಟಿ ಥರ ಕೆಪಾಸಿಟರ್ ಬರ್ದು ಸಣ್ಣ ತುದಿಯಿಂದ ಕನೆಕ್ಷನ್ ಕೊಡ್ಬೇಡಿ, ಉದ್ದದ ಬದಿಯಿಂದ ಕೊಡಿ. ಆರ್ ಮತ್ತೆ ಎಲ್ ಎರಡೂ ಇಳಿಯತ್ತೆ.

10 ಪಿಎಫ್‌ನ ನಾಲ್ಕು 2.5 ಪಿಎಫ್ ಆಗಿ ಒಡೆಯೋದು ಒಳ್ಳೇದೇ, ಆದ್ರೆ ನಾಲ್ಕಕ್ಕೂ ಬೇರೆ ಬೇರೆ ದಾರಿ ಇದ್ರೆ ಮಾತ್ರ. ಒಂದೇ 100 ಮೈಕ್ರಾನ್ ವೈರ್ ಬಂದು ಕೊನೇಲಿ ನಾಲ್ಕಾಗಿ ಒಡೆದ್ರೆ ಆ 100 ಮೈಕ್ರಾನ್‌ದು ಹಾಗೇ ಉಳಿಯತ್ತೆ. ಬೇರೆ ಬೇರೆ ದಾರಿ ಇದ್ರೂ ಎಲ್ ಕಾಲು ಭಾಗಕ್ಕೆ ಇಳಿಯಲ್ಲ, ಅಕ್ಕಪಕ್ಕ ಒಂದೇ ದಿಕ್ಕಿಗೆ ಹರಿಯೋ ಕರೆಂಟ್‌ಗಳು ಒಂದಕ್ಕೊಂದು ಎಲ್ ಕೂಡಿಸತ್ವೆ.

ವಯಾಗಳ ಬಗ್ಗೆ ಬಹಳ ಜನ ಕೇಳ್ತಾರೆ. ಪದರದಿಂದ ಪದರಕ್ಕೆ ಒಂದೋ ಎರಡೋ ಮೈಕ್ರಾನ್ ಎತ್ತರ ಅಷ್ಟೇ, ಇಂಡಕ್ಟೆನ್ಸ್ ಲೆಕ್ಕಕ್ಕೇ ಬರಲ್ಲ. ವಯಾ ಜಾಸ್ತಿ ಹಾಕಿ, ಆದ್ರೆ ಅದು ರೆಸಿಸ್ಟೆನ್ಸ್‌ಗೋಸ್ಕರ.

ಹಂತ 7: ಸಪ್ಲೈ ಡೀಕಪ್ಲಿಂಗ್ ಆದ್ರೆ ಬಾಂಡ್ ವೈರ್ ಮರೀಬೇಡಿ

ಚಿಪ್‌ನ ಪ್ಯಾಕೇಜ್ ಕಾಲಿಗೆ ಸೇರ್ಸೋ ಸಣ್ಣ ತಂತಿ ಬಾಂಡ್ ವೈರ್. ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ ಅಂತ ಇಟ್ಕೊಳ್ಳಿ, ಚಿಪ್ ಒಳಗಿನ 70 ಪಿಕೋಹೆನ್ರಿ ಇದರ ಮುಂದೆ ಏನೂ ಅಲ್ಲ. ಬೋರ್ಡ್ ಮೇಲೆ ನೀವು ಇಟ್ಟಿರೋ 100 ನ್ಯಾನೋಫ್ಯಾರಡ್ ಎಸ್‌ಎಮ್‌ಡಿ ಕೆಪಾಸಿಟರ್‌ಗೆ, ವಯಾ ಮತ್ತೆ ಟ್ರ್ಯಾಕ್ ಸೇರಿ 1 ನ್ಯಾನೋಹೆನ್ರಿ ಅಂದ್ರೂ, 16 ಮೆಗಾಹರ್ಟ್ಸ್‌ಗೇ ರೆಸೊನೇಟ್ ಆಗ್ಬಿಡತ್ತೆ. ನೂರಾರು ಮೆಗಾಹರ್ಟ್ಸ್‌ನಲ್ಲಿ ಟ್ರಾನ್ಸಿಸ್ಟರ್‌ಗೆ ಕರೆಂಟ್ ಕೊಡೋಕೆ ಚಿಪ್ ಒಳಗಿನ ಕೆಪಾಸಿಟರ್ ಬಿಟ್ರೆ ಬೇರೆ ಗತಿ ಇಲ್ಲ.

ಆದ್ರೆ ಚಿಪ್ ಒಳಗಿನ ಸಿ ಮತ್ತೆ ಬಾಂಡ್ ವೈರ್ ಎಲ್ ಸೇರಿ ಪ್ಯಾರಲಲ್ ರೆಸೊನೆನ್ಸ್ ಆಗತ್ತೆ, ಅಲ್ಲಿ ಇಂಪೀಡೆನ್ಸ್ ಇಳಿಯೋ ಬದ್ಲು ಏರತ್ತೆ, ಸಪ್ಲೈ ಅಲ್ಲಾಡತ್ತೆ. 2 ನ್ಯಾನೋಹೆನ್ರಿಗೆ 200 ಪಿಎಫ್ ಇದ್ರೆ ಈ ಶಿಖರ 250 ಮೆಗಾಹರ್ಟ್ಸ್ ಹತ್ರ. "ಇನ್ನೂ ಸ್ವಲ್ಪ ಡೀಕ್ಯಾಪ್ (ಡೀಕಪ್ಲಿಂಗ್ ಕೆಪಾಸಿಟರ್) ತುಂಬೋಣ" ಅಂತ 400 ಮಾಡಿದ್ರೆ 180ರ ಹತ್ರಕ್ಕೆ ಬರತ್ತೆ. ನಿಮ್ಮ ಕ್ಲಾಕ್ ಅಲ್ಲೇ ಇದ್ರೆ ಕೆಪಾಸಿಟರ್ ಜಾಸ್ತಿ ಮಾಡಿ ಪರಿಸ್ಥಿತಿ ಕೆಡಿಸಿದ ಹಾಗಾಯ್ತು. ಇದಕ್ಕೆ ಪರಿಹಾರ ಡ್ಯಾಂಪಿಂಗ್, ಅಂದ್ರೆ ಡೀಕ್ಯಾಪ್ ಜೊತೆ ಸ್ವಲ್ಪ ರೆಸಿಸ್ಟೆನ್ಸ್ ಬೇಕಂತಾನೇ ಇಡೋದು. ಎಷ್ಟು ಅಂದ್ರೆ ವರ್ಗಮೂಲ(ಎಲ್ ÷ ಸಿ) ಅಳತೇಲಿ, 200 ಪಿಎಫ್ ಉದಾಹರಣೇಲಿ ಸುಮಾರು 3 ಓಮ್. ಮಾಸ್-ಕ್ಯಾಪ್‌ನ ಚಾನೆಲ್ ರೆಸಿಸ್ಟೆನ್ಸ್ ಇಲ್ಲಿ ನಿಮಗೆ ಸಹಾಯ ಮಾಡತ್ತೆ, ಹಾಗಾಗಿ ಡೀಕ್ಯಾಪ್‌ಗೆ ಆರ್ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು ಅನ್ನೋದು ಸರಿಯಲ್ಲ. ಜೊತೆಗೆ ಸಪ್ಲೈ ಮತ್ತೆ ಗ್ರೌಂಡ್ ಪಿನ್‌ಗಳನ್ನ ಅಕ್ಕಪಕ್ಕ ಜೋಡಿಯಾಗಿ ಇಡಿ, ನಾಲ್ಕು ಸಪ್ಲೈ ಒಂದು ಮೂಲೇಲಿ ನಾಲ್ಕು ಗ್ರೌಂಡ್ ಇನ್ನೊಂದು ಮೂಲೇಲಿ ಇಟ್ರೆ ಲೂಪ್ ಇಡೀ ಚಿಪ್ ಅಗಲ ಆಗತ್ತೆ.

ಹಂತ 8: ಅಳತೆ ಮಾಡೋದು

ವಿಎನ್‌ಎ ಅಂದ್ರೆ ಸಿಗ್ನಲ್ ಕಳಿಸಿ ಎಷ್ಟು ವಾಪಸ್ ಬಂತು ಎಷ್ಟು ದಾಟಿತು ಅಂತ ಫ್ರೀಕ್ವೆನ್ಸಿ ಪ್ರಕಾರ ಅಳೆಯೋ ಮೆಷಿನ್. ಚಿಪ್ ಮೇಲೆ ಅಳೆಯೋಕೆ ಇದರ ಜೊತೆ ಪ್ರೋಬ್ ಸ್ಟೇಷನ್, ಅಂದ್ರೆ ಚಿಪ್‌ನ ಪ್ಯಾಡ್ ಮೇಲೆ ಸೂಜಿ ಇಡೋ ಮೆಷಿನ್, ಬೇಕು. ಕಾಲೇಜಲ್ಲಿ ಇಲ್ಲಾಂದ್ರೆ ಐಐಎಸ್‌ಸಿಯ ಸೆನ್ಸ್ ವಿಭಾಗದ ಕ್ಯಾರೆಕ್ಟರೈಸೇಶನ್ ಲ್ಯಾಬ್ ಹೊರಗಿನವರಿಗೂ ತೆರೆದಿದೆ, ಅಪ್ಲೈ ಮಾಡೋ ಮುಂಚೆ ನಿಮಗೆ ಬೇಕಾದ ಫ್ರೀಕ್ವೆನ್ಸಿ, ಪ್ರೋಬ್ ಪಿಚ್ (ಸೂಜಿ ತುದಿಗಳ ನಡುವಿನ ಅಂತರ) ಎರಡೂ ಸಿಗತ್ತಾ ಅಂತ ಕೇಳ್ಕೊಳ್ಳಿ, ಪ್ಯಾಡ್ ಪಿಚ್ 150 ಮೈಕ್ರಾನ್ ಇಟ್ಟು ಅಲ್ಲಿ 100ರ ಪ್ರೋಬ್ ಇದ್ರೆ ಹೋಗಿದ್ದು ದಂಡ.

ಕೈ ಪಳಗಲಿ ಅಂದ್ರೆ ಮೊದಲು ಮನೇಲೇ ನ್ಯಾನೋ-ವಿಎನ್‌ಎ ಅನ್ನೋ ಪುಟ್ಟ ವಿಎನ್‌ಎನಲ್ಲಿ ಮಾಡಿ. ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಸಿಗೋ 100 ನ್ಯಾನೋಫ್ಯಾರಡ್ ಕಾಲಿರೋ ಸೆರಾಮಿಕ್ ತಗೊಂಡು, ಕಾಲು ಉದ್ದ ಬಿಟ್ಟು ಒಂದ್ಸಲ, ಬುಡಕ್ಕೆ ಕತ್ತರಿಸಿ ಒಂದ್ಸಲ ಅಳೀರಿ. ರೆಸೊನೆನ್ಸ್ ಕಣ್ಣೆದುರೇ ಮೇಲಕ್ಕೆ ಓಡೋದು ಕಾಣತ್ತೆ.

ಚಿಪ್‌ನಲ್ಲಿ ಪ್ಯಾಡ್‌ನದ್ದೇ ಒಂದಷ್ಟು ಕೆಪಾಸಿಟೆನ್ಸ್, ಪ್ಯಾಡ್‌ನಿಂದ ಬರೋ ವೈರ್‌ದೇ ಒಂದಷ್ಟು ಇಂಡಕ್ಟೆನ್ಸ್ ಇರತ್ತೆ. ಅದನ್ನ ಕಳೆಯೋದೇ ಡಿ-ಎಂಬೆಡಿಂಗ್. ಇದಕ್ಕೆ ಕೆಪಾಸಿಟರ್ ಇಲ್ಲದೇ ಇರೋ ಒಂದು ಓಪನ್, ಮತ್ತೆ ಶಾರ್ಟ್ ಮಾಡಿರೋ ಒಂದು ಸ್ಟ್ರಕ್ಚರ್ ಅದೇ ಚಿಪ್ ಮೇಲೆ ಬೇಕು. ಅಳೆದ ವೈ ಪ್ಯಾರಾಮೀಟರ್‌ನಿಂದ (ವೈ ಅಂದ್ರೆ ಅಡ್ಮಿಟೆನ್ಸ್, ಇಂಪೀಡೆನ್ಸ್ ಝಡ್‌ನ ತಲೆಕೆಳಗು) ಓಪನ್‌ದು ಕಳೀರಿ, ಶಾರ್ಟ್‌ನಿಂದಲೂ ಓಪನ್‌ದು ಕಳೀರಿ, ಎರಡನ್ನೂ ಝಡ್‌ಗೆ ಬದಲಾಯಿಸಿ ಮೊದಲನೇದ್ರಿಂದ ಎರಡನೇದು ಕಳೀರಿ. ಶಾರ್ಟ್ ಎಲ್ಲಿ ಮಾಡಿದೀರ ಅನ್ನೋದ್ರ ಮೇಲೆ ಉತ್ತರ ನಿಂತಿದೆ. ಕೆಪಾಸಿಟರ್ ಕೂರೋ ಜಾಗ ದಾಟಿ ಮುಂದೆ ಶಾರ್ಟ್ ಮಾಡಿದ್ರೆ ಕೆಪಾಸಿಟರ್‌ನ ಎಲ್‌ನೂ ಸೇರಿ ಕಳೆದುಹೋಗಿ ಒಂದೊಂದ್ಸಲ ಎಲ್ ನೆಗೆಟಿವ್ ಬರತ್ತೆ, ತುಂಬಾ ಹಿಂದೆ ಮಾಡಿದ್ರೆ ವೈರ್‌ದು ಉಳ್ಕೊಳ್ಳತ್ತೆ.

ಎಸ್‌ಆರ್‌ಎಫ್ ನಿಮ್ಮ ವಿಎನ್‌ಎ ಮಿತಿಗಿಂತ ಮೇಲಿದ್ರೂ ಎಲ್ ತೆಗೀಬೋದು. ಪ್ರತಿ ಫ್ರೀಕ್ವೆನ್ಸೀಲಿ ಕಾಣೋ ಸಿ ಲೆಕ್ಕ ಹಾಕಿ ಅದರ ತಲೆಕೆಳಗು, ಅಂದ್ರೆ 1 ÷ ಸಿ ತಗೊಳ್ಳಿ, ಒಮೆಗಾದ ವರ್ಗದ ಎದುರು ಗ್ರಾಫ್ ಹಾಕಿ. ಒಮೆಗಾ ಅಂದ್ರೆ 2 × ಪೈ × ಎಫ್. ಕೆಳಕ್ಕೆ ಇಳಿಯೋ ನೇರ ಗೆರೆ ಬರ್ಬೇಕು, ಇಳಿಜಾರೇ ಎಲ್, ಗೆರೆ ಎಡಗಡೆ ಅಕ್ಷಕ್ಕೆ ತಾಗೋ ಜಾಗ ನಿಜವಾದ ಸಿಯ ತಲೆಕೆಳಗು. ಗೆರೆ ಬಾಗಿದ್ರೆ ಡಿ-ಎಂಬೆಡಿಂಗ್ ಮೇಲೆ ಮೊದಲು ಅನುಮಾನ ಪಡಿ.

ಟೆಸ್ಟ್ ಸ್ಟ್ರಕ್ಚರ್ ಇಡುವಾಗ ಒಂದೇ ಕೆಪಾಸಿಟರ್ ಇಟ್ಟು ಬಿಡ್ಬೇಡಿ, ಅದೇ ಫೀಡ್ ವೈರ್‌ಗೆ ಒಂದು 5 ಪಿಎಫ್, ಒಂದು 10 ಪಿಎಫ್ ಇಡಿ. ಎರಡರಲ್ಲೂ ಎಲ್ ಒಂದೇ ಬಂದ್ರೆ ಅದು ವೈರ್ ಮತ್ತೆ ರಿಟರ್ನ್‌ದು, ಲೇಔಟ್‌ನಲ್ಲಿ ಸರಿಮಾಡ್ಬೋದು. ಕೆಪಾಸಿಟರ್ ಜೊತೆ ಎಲ್‌ನೂ ಬದಲಾದ್ರೆ ಪ್ಲೇಟ್‌ನ ಆಕಾರ ನೋಡಿ, ಹಂತ 6ರ ಮೂರು ಮತ್ತೆ ನಾಲ್ಕನೇದಕ್ಕೆ ಹೋಗಿ. ಇವೆರಡು, ಜೊತೆಗೆ ಓಪನ್ನು ಶಾರ್ಟು, ಒಟ್ಟು ನಾಲ್ಕು ಸ್ಟ್ರಕ್ಚರ್‌ಗೆ ಜಾಗ ಬೇಕು, ಟೇಪ್‌ಔಟ್ ವಾರದಲ್ಲಿ, ಅಂದ್ರೆ ಡಿಸೈನ್ ಫೌಂಡ್ರಿಗೆ ಕಳಿಸೋ ಹೊತ್ತಲ್ಲಿ, ಕೇಳಿದ್ರೆ ಯಾರೂ ಕೊಡಲ್ಲ, ಫ್ಲೋರ್‌ಪ್ಲಾನ್ ಬರೆಯೋ ದಿನಾನೇ ಕೇಳಿ ಇಟ್ಕೊಳ್ಳಿ.